ಬಕ್ಸಾರ್ ಮಾದರಿ: ನೆಲ ಮುಗಿಯಿತು, ಈಗ ಸೈನ್ಯ

ಪ್ಲೈವುಡ್ ಮೇಲಿನ ಬಕ್ಸಾರ್ ಬಯಲಿಗೆ ಬಣ್ಣ ಹಚ್ಚುವ ಕೆಲಸ ಮುಗಿಯಿತು. ಯುದ್ಧದ ಮಾದರಿ ಅಂದ್ರೆ ಜಾಸ್ತಿ ಜನ ಒಣ ಮಣ್ಣಿನ ಬಣ್ಣ ಬಳಿಯುತ್ತಾರೆ. ಇಲ್ಲಿ ಅದು ಹೊಂದುವುದಿಲ್ಲ. ಕದನ ನಡೆದದ್ದು 1764ರ ಅಕ್ಟೋಬರ್‌ನಲ್ಲಿ. ಬಿಹಾರದಲ್ಲಿ ಆಗಷ್ಟೇ ಮಳೆಗಾಲ ಮುಗಿದಿರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೋನ ಪಡೆ ಸಲೀಸಾಗಿ ಮುಂದೆ ಹೋಗಲು ಆಗದಂತೆ ಎದುರಿಗೆ ಜೌಗು ನೆಲವೇ ಇತ್ತು. ಹಾಗಾಗಿ ಮರದ ಪುಡಿಗೆ ಹಸಿರು ಬಣ್ಣ ಕಲಸಿ ಫೆವಿಕಾಲ್ ಮೇಲೆ ಉದುರಿಸಿದೆ. ಜೌಗಿನ ಜಾಗಕ್ಕೆ ಕಂದು ಬಣ್ಣ, ಅದರ ಮೇಲೆ ತೆಳುವಾಗಿ ವಾರ್ನಿಶ್. ಒದ್ದೆ ಹೊಳಪು ಚೆನ್ನಾಗಿ ಬಂದಿದೆ.

ಮೇಜಿನ ಉತ್ತರದ ಅಂಚಿಗೆ ಗಂಗೆ. ಪೂರ್ವದಿಂದ ಕಂಪನಿ ಸೈನ್ಯ. ಪಶ್ಚಿಮದಲ್ಲಿ ಅವಧ್‌ನ ನವಾಬ ಶುಜಾ-ಉದ್-ದೌಲಾನ ಸೈನ್ಯ, ಅದರ ಬೆನ್ನಿಗೆ ತೋರ್ನಾ ನಾಲೆ.

ಒಂದು ಬೊಂಬೆ ಅಂದರೆ 100 ಜನ ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಮನ್ರೋನ ಹತ್ತಿರ ಇದ್ದದ್ದು 7,072 ಜನ. ಅದರಲ್ಲಿ ಯುರೋಪಿನವರು 857, ಸಿಪಾಯಿಗಳು 5,297, ಕುದುರೆ ಸವಾರರು 918. ಅಂದರೆ 71 ಬೊಂಬೆಗಳಲ್ಲಿ ಬಿಳಿಯರು ಬರೀ 9! ಕೆಂಪು ಕೋಟಿನ ಬೊಂಬೆಗಳ ಮುಖಕ್ಕೆ ಬಣ್ಣ ಹಚ್ಚುವಾಗ ಇದು ಕೈಗೇ ತಿಳಿಯುತ್ತದೆ. ಬಕ್ಸಾರ್ ಸೀಮೆಯ ಬಂದೂಕಿನವರಿಗೆ ಬಕ್ಸರಿಯಾ ಅಂತಲೇ ಹೆಸರಿತ್ತು. 1757ರ ಪ್ಲಾಸಿ ಕದನಕ್ಕೂ ಮೊದಲೇ ಕಂಪನಿ ಅವರನ್ನು ಸಂಬಳಕ್ಕೆ ಇಟ್ಟುಕೊಂಡಿತ್ತು.

ಆ ಸಿಪಾಯಿಗಳೂ ಸುಮ್ನೆ ಹೇಳಿದ ಹಾಗೆ ಕೇಳಿಕೊಂಡು ಇದ್ದವರಲ್ಲ. ಕದನಕ್ಕೆ ಕೆಲವೇ ವಾರ ಮೊದಲು ಒಂದು ಪಲ್ಟನ್ ದಂಗೆ ಎದ್ದಿತ್ತು. ಮನ್ರೋ 24 ಜನರಿಗೆ ಮರಣದಂಡನೆ ಕೊಟ್ಟ. ತೋಪಿನ ಬಾಯಿಗೆ ಕಟ್ಟಿ ಉಡಾಯಿಸುವ ಶಿಕ್ಷೆ. ಅವರಲ್ಲಿ ನಾಲ್ವರು ಗ್ರೆನೇಡಿಯರುಗಳು, ಅಂದರೆ ಪಲ್ಟನ್‌ನ ಆಯ್ದ ಸಿಪಾಯಿಗಳು, ಮುಂದೆ ಬಂದು, ಯುದ್ಧದಲ್ಲಿ ಬಲಗಡೆಯ ಗೌರವದ ಜಾಗ ಯಾವತ್ತೂ ನಮ್ಮದು, ಸಾಯುವಾಗಲೂ ಬಲಗಡೆಯ ತೋಪುಗಳಿಗೆ ನಮ್ಮನ್ನೇ ಕಟ್ಟಿ ಅಂತ ಕೇಳಿದರಂತೆ. ಕೆಂಪು ಸಾಲಿನ ಬಲ ತುದಿಗೆ ಬೊಂಬೆ ಅಂಟಿಸುವಾಗ ಅವರೇ ಕಣ್ಣ ಮುಂದೆ ಬರುತ್ತಾರೆ.

ಎದುರು ಪಕ್ಷಕ್ಕೆ ಸಾಮಾನ್ಯವಾಗಿ ಹೇಳುವ ಅಂದಾಜು 40,000. ನನ್ನ ಲೆಕ್ಕದಲ್ಲಿ 400 ಬೊಂಬೆ. ಸಂಖ್ಯೆಗಿಂತ ಜಾಸ್ತಿ ತಲೆ ಕೆಡಿಸಿದ್ದು ಬೇರೆ. ಶಾಲೆಯಲ್ಲಿ ನಾವು ಓದಿದ್ದು ಮೂವರು ಸೇರಿ ಕಂಪನಿಯ ಮೇಲೆ ಯುದ್ಧ ಮಾಡಿದರು ಅಂತ ಅಲ್ವಾ? ಬಂಗಾಳದ ನವಾಬನಾಗಿದ್ದ ಮೀರ್ ಖಾಸಿಂ, ಶುಜಾ, ಮೊಘಲ್ ಚಕ್ರವರ್ತಿ ಎರಡನೇ ಷಾ ಆಲಂ. ಮೇಜಿನ ಮೇಲೆ ಮೂವರನ್ನೂ ಎಲ್ಲಿ ನಿಲ್ಲಿಸುವುದು ಅಂತ ಕೂತು ನೋಡಿದರೆ ಒಬ್ಬನಿಗೇ ಜಾಗ.

ಈ ಜಗಳ ಶುರುವಾದದ್ದೇ ಮೀರ್ ಖಾಸಿಂನಿಂದ. ಕಂಪನಿಯ ನೌಕರರು ದಸ್ತಕ್ (ಕಂಪನಿ ಸರಕಿಗೆ ಸುಂಕ ಬೇಡ ಅನ್ನುವ ರಹದಾರಿ ಚೀಟಿ) ತೋರಿಸಿ ತಮ್ಮ ಸ್ವಂತ ವ್ಯಾಪಾರಕ್ಕೂ ಸುಂಕ ತಪ್ಪಿಸುತ್ತಿದ್ದರು. ಅದಕ್ಕೆ ಅವನು 1763ರಲ್ಲಿ ನಮ್ಮ ವ್ಯಾಪಾರಿಗಳಿಗೂ ಸುಂಕ ಬೇಡ ಅಂತ ಎಲ್ಲರಿಗೂ ತೆಗೆದುಹಾಕಿದ. ಕಂಪನಿಗೆ ಅದು ಸಹಿಸಲಿಲ್ಲ. ಸೋತು ಅವಧ್‌ಗೆ ಬಂದ ಅವನು ಸೈನ್ಯದ ಖರ್ಚಿಗೆ ತಿಂಗಳಿಗೆ 11 ಲಕ್ಷ ಕೊಡುತ್ತೇನೆ ಅಂದಿದ್ದ. ದುಡ್ಡು ಬರಲಿಲ್ಲ. ಶುಜಾ ಅವನ ಆಸ್ತಿಯನ್ನೆಲ್ಲ ಕಿತ್ತುಕೊಂಡು, ಕದನದ ಹೊತ್ತಿಗೆ ಒಂದು ಕುಂಟ ಆನೆ ಹತ್ತಿಸಿ ಕಳಿಸಿಬಿಟ್ಟ. ಷಾ ಆಲಂ ಹೋರಾಡಲೇ ಇಲ್ಲ, ಕದನ ಮುಗಿದ ಕೂಡಲೇ ಇಂಗ್ಲಿಷರ ಕಡೆ ಹೋದ. ಹಾಗಾಗಿ ಮೀರ್ ಖಾಸಿಂ ನನ್ನ ಮೇಜಿನ ಮೇಲೆ ಇಲ್ಲ. ಚಕ್ರವರ್ತಿಗೆ ಹಿಂದೆ ಒಂದು ಡೇರೆ ಮಾತ್ರ. ನನ್ನ ಪ್ರಕಾರ ಕಂಪನಿ ಗೆದ್ದದ್ದಕ್ಕೆ ಬಂದೂಕಿನ ಶಿಸ್ತು ಎಷ್ಟು ಕಾರಣವೋ ಈ ಒಡಕೂ ಅಷ್ಟೇ ಕಾರಣ.

ನಾಲೆಯ ಮೇಲೆ ದೋಣಿ ಸೇತುವೆ ಕೂರಿಸಿದ್ದೇನೆ. ಐಸ್‌ಕ್ರೀಮ್ ಕಡ್ಡಿ ಕೆತ್ತಿ ದೋಣಿ, ಮೇಲೆ ಬಿದಿರಿನ ಸೀಳು. ಶುಜಾ ದಾಟಿದ ಮೇಲೆ ಈ ಸೇತುವೆಯನ್ನು ಮುಳುಗಿಸಿದರು. ಹಿಂದೆ ಉಳಿದ ಸುಮಾರು 2,000 ಜನ ನೀರುಪಾಲಾದರು ಅಂತ ಮನ್ರೋ ವರದಿ ಮಾಡಿದ. ಉಳಿದ ಸೈನ್ಯ ತಪ್ಪಿಸಿಕೊಂಡದ್ದು ಇದರಿಂದಲೇ, ಅವತ್ತು ಶುಜಾ ತೋರಿಸಿದ ಒಳ್ಳೆಯ ಯುದ್ಧನೀತಿ ಇದೇ ಅಂತಲೂ ಅವನೇ ಹೇಳಿದ. ಸೇತುವೆಯನ್ನು ಅಂಟಿಸಿಲ್ಲ. ಎತ್ತಿ ತೆಗೆದು ತೋರಿಸಬಹುದು.

ಇದೇ ಮನ್ರೋ 1780ರಲ್ಲಿ ಕಾಂಚೀಪುರದಲ್ಲಿ ಇದ್ದ. ಹೈದರ್ ಮತ್ತು ಟಿಪ್ಪು ಪೊಳ್ಳಿಲೂರಿನಲ್ಲಿ ಕಂಪನಿಯ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಮುಗಿಸಿದಾಗ, ದೊಡ್ಡ ತೋಪುಗಳನ್ನು ಕೆರೆಗೆ ತಳ್ಳಿ ಮದ್ರಾಸಿಗೆ ಹಿಂದೆ ಸರಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿರುವುದು ಆ ಪೊಳ್ಳಿಲೂರಿನ ಚಿತ್ರವೇ. ಮುಂದಿನ ಮಾದರಿ ಅದೇ ಆಗಲಿ ಅಂತ ಆಸೆ.

ಸದ್ಯಕ್ಕೆ ಬಾಕಿ ಇರುವುದು ಅವಧ್‌ನ ಸವಾರರು, ಆನೆಗಳು, ತೋಪುಗಳು. ಮೊದಲು ತೋಪಿನ ಗಾಲಿ ಮಾಡಬೇಕು. ಹಳೇ ಕೈಗಡಿಯಾರಗಳ ಚಕ್ರ ಆಗುತ್ತದಾ ನೋಡುತ್ತೇನೆ.