ಚಿತ್ರ ಬರೆದರೆ ಪ್ರಜಾಪ್ರಭುತ್ವ ಉಳಿಯುತ್ತದೆಯೇ?

ಚಿತ್ರಕಲೆಯ ಕುರಿತು ನಾನು ಮಾತನಾಡಿದ ಕಡೆಯಲ್ಲೆಲ್ಲ ಒಬ್ಬರಾದರೂ ಎದ್ದು ಕೇಳುವ ಪ್ರಶ್ನೆ ಇದು: ಚುನಾವಣೆ, ನ್ಯಾಯಾಲಯ, ಪತ್ರಿಕೆ ಎಲ್ಲವೂ ಸೋತು ಕುಳಿತಾಗ ಒಂದು ಚಿತ್ರ ತಾನೇ ಏನು ಮಾಡೀತು? ಕೇಳುವವರ ದನಿಯಲ್ಲಿ ತಿರಸ್ಕಾರಕ್ಕಿಂತ ಕಳವಳವೇ ಹೆಚ್ಚಾಗಿರುವುದರಿಂದ ಹಾರಿಕೆಯ ಉತ್ತರ ಕೊಡಲು ಮನಸ್ಸು ಒಪ್ಪುವುದಿಲ್ಲ. ಚಿತ್ರವು ಸೈನ್ಯವನ್ನು ತಡೆಯಲಾರದು. 1937ರ ಏಪ್ರಿಲ್‌ನಲ್ಲಿ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಸುರಿದಾಗ ಪಿಕಾಸೊ ಬರೆದ ಚಿತ್ರದಿಂದ ಸ್ಪೇನಿನ ಗಣರಾಜ್ಯವೇನೂ ಉಳಿಯಲಿಲ್ಲ. ಆ ದೇಶಕ್ಕೆ ಪ್ರಜಾಪ್ರಭುತ್ವ ಮರಳಿದ ನಂತರ, 1981ರಲ್ಲಿ, ಚಿತ್ರವೇ ಮೊದಲ ಬಾರಿಗೆ ಅಲ್ಲಿಗೆ ಬಂತು. ಆದರೂ ಚಿತ್ರಕ್ಕೆ ತನ್ನದೇ ಆದ ಕೆಲಸವೊಂದಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಯಾರ ಕಣ್ಣಿಗೂ ಬೀಳಬಾರದೆಂದು ಅಧಿಕಾರ ಬಯಸುವುದನ್ನು ನಾಲ್ಕು ಜನರ ನಡುವೆ ತಂದು ನಿಲ್ಲಿಸಿ, ನೋಡಿದವರನ್ನೆಲ್ಲ ಸಾಕ್ಷಿಗಳಾಗಿಸುವುದೇ ಆ ಕೆಲಸ.

ಇದನ್ನು ಕಲಾವಿದರಿಗಿಂತ ಚೆನ್ನಾಗಿ ಆಳುವವರು ಅರಿತಿದ್ದಾರೆ. ಫ್ರಾನ್ಸಿನಲ್ಲಿ ದೊರೆ ಲೂಯಿ ಫಿಲಿಪ್‌ನನ್ನು ಪ್ರಜೆಗಳ ದುಡ್ಡನ್ನು ನುಂಗುವ ದೈತ್ಯನಾಗಿ ಚಿತ್ರಿಸಿದ್ದಕ್ಕೆ ಓನೊರೆ ದೋಮಿಯೆ ಎಂಬ ಯುವ ಕಲಾವಿದ 1832ರಲ್ಲಿ ಸೆರೆಮನೆ ಸೇರಿದ. ಹೊರಬಂದವನು ಸುಮ್ಮನಾಗಲಿಲ್ಲ. 1834ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಟ್ರಾನ್ಸ್‌ನೊನೆ ಬೀದಿಯ ಒಂದು ಮನೆಗೆ ಸೈನಿಕರು ನುಗ್ಗಿ ನಿವಾಸಿಗಳನ್ನು ಕೊಂದರು. ದೋಮಿಯೆ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದಾಗ ಒಬ್ಬ ಸೈನಿಕನನ್ನೂ ತೋರಿಸಲಿಲ್ಲ, ಒಂದು ಬಂದೂಕನ್ನೂ ಬರೆಯಲಿಲ್ಲ. ಹಾಸಿಗೆಗೆ ಒರಗಿ ನೆಲಕ್ಕೆ ಬಿದ್ದ, ರಾತ್ರಿಯ ಅಂಗಿಯಲ್ಲೇ ಇರುವ ಒಬ್ಬ ಮನುಷ್ಯ, ಅವನ ಮೈಯಡಿಯಲ್ಲಿ ಸಿಕ್ಕಿಕೊಂಡ ಒಂದು ಮಗು, ಪಕ್ಕದಲ್ಲಿ ಇನ್ನಿಬ್ಬರ ಹೆಣಗಳು, ಸುತ್ತಲಿನ ಮೌನ, ಅಷ್ಟೇ. ಪೊಲೀಸರು ಕೈಗೆ ಸಿಕ್ಕ ಪ್ರತಿಗಳನ್ನು ವಶಪಡಿಸಿಕೊಂಡರು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಕಾನೂನಂತೂ ಪ್ರಕಟಿಸುವ ಪ್ರತಿಯೊಂದು ಚಿತ್ರಕ್ಕೂ ಮುಂಚಿತವಾಗಿ ಸರ್ಕಾರದ ಅನುಮತಿ ಬೇಕೆಂದು ವಿಧಿಸಿತು. ಬರಹಕ್ಕೆ ಅಂತಹ ಪೂರ್ವಾನುಮತಿಯ ಕಟ್ಟಳೆ ಇರಲಿಲ್ಲ. ಬರಹ ಅಭಿಪ್ರಾಯ, ಚಿತ್ರವಾದರೋ ಕೃತ್ಯ ಎಂಬುದು ಸರ್ಕಾರದ ವಾದವಾಗಿತ್ತು. ಆ ವಾದವನ್ನು ಹೂಡಿದ ಉದ್ದೇಶ ಕೆಟ್ಟದ್ದು, ಆದರೆ ಚಿತ್ರದ ಬಲವನ್ನು ಅದು ಸರಿಯಾಗಿಯೇ ಅಳೆದಿತ್ತು. ಓದು ಬಾರದವನೂ ಅಂಗಡಿಯ ಕಿಟಕಿಯ ಮುಂದೆ ನಿಂತು ಆ ಮಗುವನ್ನು ನೋಡಬಹುದಿತ್ತು.

ಚಿತ್ರ ಸದಾ ಪ್ರಜೆಗಳ ಪಕ್ಷದಲ್ಲೇ ಇರುತ್ತದೆಂದು ನಾನು ಹೇಳುತ್ತಿಲ್ಲ. 1937ರ ಜುಲೈನಲ್ಲಿ ಮ್ಯೂನಿಕ್ಕಿನಲ್ಲಿ ನಾಜಿಗಳು ಆಧುನಿಕ ಕಲೆಯನ್ನು 'ಕೆಟ್ಟುಹೋದ ಕಲೆ' ಎಂದು ಜರೆದು ಪ್ರದರ್ಶಿಸುವ ಮುನ್ನಾದಿನವೇ ತಮಗೊಪ್ಪುವ ಕಲೆಯ ಭವ್ಯ ಭವನವನ್ನು ಉದ್ಘಾಟಿಸಿದ್ದರು. ಸರ್ವಾಧಿಕಾರಿಗೂ ಚಿತ್ರ ಬೇಕು. ಆದರೆ ಅವನ ಚಿತ್ರದಲ್ಲಿ ನೋಡುಗನಿಗೆ ತಲೆಯೆತ್ತಿ ಬೆರಗಾಗುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ.

ನೋಡುಗನಿಗೆ ಕೆಲಸ ಕೊಡುವ ಚಿತ್ರ ಹೇಗಿರುತ್ತದೆಂದು ತಿಳಿಯಬೇಕಾದರೆ ಇಟಲಿಯ ಸಿಯೆನಾ ನಗರದ ಆಡಳಿತ ಭವನದಲ್ಲಿ ಅಂಬ್ರೋಜೊ ಲೊರೆಂಜೆಟ್ಟಿ 1338–39ರಲ್ಲಿ ಬರೆದ ಭಿತ್ತಿಚಿತ್ರಗಳನ್ನು ನೋಡಬೇಕು. ನಗರವನ್ನಾಳುತ್ತಿದ್ದ ಒಂಬತ್ತು ಮಂದಿ ಸಭೆ ಸೇರುತ್ತಿದ್ದ ಕೋಣೆ ಅದು. ಒಂದು ಗೋಡೆಯ ಮೇಲೆ ಕೊಂಬುಳ್ಳ ನಿರಂಕುಶಾಧಿಪತಿ ಕುಳಿತಿದ್ದಾನೆ, ಅವನ ಕಾಲ ಬಳಿ ನ್ಯಾಯದೇವತೆ ಕಟ್ಟುಬಿದ್ದಿದ್ದಾಳೆ. ಇನ್ನೊಂದು ಗೋಡೆಯಲ್ಲಿ ನ್ಯಾಯದ ತಕ್ಕಡಿಯಿಂದ ಇಳಿದ ಎರಡು ಎಳೆಗಳು ಸಾಮರಸ್ಯದ ದೇವಿಯ ಕೈಯಲ್ಲಿ ಒಂದೇ ಹಗ್ಗವಾಗಿ, ಸಾಲಾಗಿ ನಿಂತ 24 ನಾಗರಿಕರ ಕೈಯಿಂದ ಕೈಗೆ ದಾಟಿ, ನಗರದ ಪ್ರತೀಕವಾಗಿ ಸಿಂಹಾಸನದಲ್ಲಿರುವ ಪುರುಷನನ್ನು ಮುಟ್ಟುತ್ತದೆ. ಹಗ್ಗ ನಾಗರಿಕರನ್ನು ಬಿಗಿದಿಲ್ಲ, ಅವರೇ ಅದನ್ನು ಹಿಡಿದಿದ್ದಾರೆ. ಒಬ್ಬ ಕೈಬಿಟ್ಟರೂ ಅದು ಜೋತುಬೀಳುತ್ತದೆ. ಆ ಒಂಬತ್ತು ಮಂದಿಯ ಆಡಳಿತ ನಮ್ಮ ಅರ್ಥದ ಪ್ರಜಾಪ್ರಭುತ್ವವಾಗಿರಲಿಲ್ಲ, 1355ರಲ್ಲಿ ಅದು ಉರುಳಿಯೂ ಹೋಯಿತು. ಆದರೆ ಕಣ್ಣಿಗೆ ಕಾಣದ ಸಮ್ಮತಿಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ರೂಪವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಹಗ್ಗ ನಿಜವಾಗಿಯೂ ಜನರ ಕೈಗೆ ಬಂದದ್ದನ್ನು ನೋಡಬೇಕಾದರೆ ಅರ್ಜೆಂಟೀನಾಕ್ಕೆ ಹೋಗಬೇಕು. 1976ರಿಂದ ಆಳಿದ ಸೇನಾಡಳಿತ ಸಾವಿರಾರು ಜನರನ್ನು ಹಿಡಿದೊಯ್ದು, ದೇಹವನ್ನೂ ದಾಖಲೆಯನ್ನೂ ಉಳಿಸದಂತೆ ಕಾಣೆಯಾಗಿಸಿತ್ತು. 1983ರ ಸೆಪ್ಟೆಂಬರ್ 21ರಂದು, ಸೇನೆ ಇನ್ನೂ ಅಧಿಕಾರದಲ್ಲಿದ್ದಾಗಲೇ, ಮೂವರು ಕಲಾವಿದರು ಬ್ಯೂನಸ್ ಐರಿಸ್ಸಿನ ಪ್ಲಾಜಾ ದೆ ಮಾಯೊ ಚೌಕದಲ್ಲಿ ಕಾಣೆಯಾದವರ ತಾಯಂದಿರ ಮೆರವಣಿಗೆಗೆ ಕಾಗದ ಮತ್ತು ಬಣ್ಣ ತಂದರು. ದಾರಿಹೋಕರು ಕಾಗದದ ಮೇಲೆ ಮಲಗಿದರು, ಇತರರು ಅವರ ಮೈಯ ಸುತ್ತ ಗೆರೆ ಎಳೆದರು. ಆ ಆಳೆತ್ತರದ ಆಕೃತಿಗಳನ್ನು ಹೆಣಗಳಂತೆ ನೆಲದ ಮೇಲೆ ಹಾಸದೆ ಗೋಡೆಗಳ ಮೇಲೆ ನಿಂತಂತೆ ಅಂಟಿಸಿದರು, ಏಕೆಂದರೆ ತಾಯಂದಿರು ಕೇಳುತ್ತಿದ್ದುದು ತಮ್ಮ ಮಕ್ಕಳನ್ನು ಜೀವಂತವಾಗಿ ಮರಳಿಸಿ ಎಂದು. ಹೆಸರಿಲ್ಲದೆ ಎಲ್ಲವೂ ಒಂದೇ ಬಗೆಯಾಗಿರಲಿ ಎಂಬುದು ಮೊದಲ ಆಲೋಚನೆಯಾಗಿತ್ತು. ಜನ ತಾವಾಗಿಯೇ ಒಳಗೆ ಹೆಸರುಗಳನ್ನೂ ಕಾಣೆಯಾದ ದಿನಾಂಕಗಳನ್ನೂ ಬರೆದರು. ಇಲ್ಲಿ ಕಲಾವಿದ ಯಾರು, ನೋಡುಗ ಯಾರು ಎಂದು ಬಿಡಿಸಿ ಹೇಳಲು ನನಗೆ ಸಾಧ್ಯವಾಗಿಲ್ಲ.

ಮುಂದಿನ ತಿಂಗಳು ಚುನಾವಣೆ ನಡೆಯಿತು. 1985ರಲ್ಲಿ ಸೇನಾನಾಯಕರ ವಿಚಾರಣೆ ನಾಗರಿಕ ನ್ಯಾಯಾಲಯದಲ್ಲಿ ಆರಂಭವಾದಾಗ 800ಕ್ಕೂ ಹೆಚ್ಚು ಜನ ಬಂದು ಸಾಕ್ಷಿ ನುಡಿದರು. ಅಂದಿನ ತೀರ್ಪನ್ನು ಆ ಕಾಗದದ ಆಕೃತಿಗಳು ಕೊಡಿಸಿದವೆಂದು ನಾನು ಹೇಳಲಾರೆ. ನ್ಯಾಯಾಲಯ ಕೂಗಿ ಕರೆಯುವುದಕ್ಕೆ ಒಂದೂವರೆ ವರ್ಷ ಮೊದಲೇ, ಆ ಹೆಸರುಗಳನ್ನು ಚೌಕದ ಸುತ್ತಲಿನ ಗೋಡೆಗಳ ಮೇಲೆ ಎಲ್ಲರೂ ಓದಿದ್ದರು.