ಕೂಸಿಗಿಂತ ಮೊದಲು ಕುಲಾವಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ಈಗ ಊರಿಗೆಲ್ಲ ಟೋಪಿ ಹಾಕುತ್ತಿದ್ದಾಳೆ ಎಂದು ನಮ್ಮ ಯಜಮಾನರು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಆ ಮಾತಿಗೆ ಅವರಷ್ಟು ನಗುವವರು ಬೇರೆ ಯಾರೂ ಇಲ್ಲ. ನಾನು ಟೋಪಿ ಹಾಕುವುದು ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ. ಕ್ರೋಶಾ ಕಡ್ಡಿಯಲ್ಲಿ ನಾನೇ ಹೆಣೆದ ಟೋಪಿಗಳ ಒಂದು ಚೀಲವನ್ನು ಮೈಸೂರಿನ ಹೆರಿಗೆ ಆಸ್ಪತ್ರೆಯೊಂದಕ್ಕೆ ತಿಂಗಳಿಗೊಮ್ಮೆ ಕೊಟ್ಟು ಬರುತ್ತೇನೆ. ನಂಜನಗೂಡು, ಎಚ್.ಡಿ. ಕೋಟೆ, ಹುಣಸೂರು ಕಡೆಯ ಕೂಲಿಯವರು ಬರುವ ಜಾಗ ಅದು. ಏಳನೆಯ ತಿಂಗಳಲ್ಲೇ ನೋವು ಕಾಣಿಸಿಕೊಂಡು, ಉಟ್ಟ ಬಟ್ಟೆಯಲ್ಲೇ ಆಂಬುಲೆನ್ಸ್ ಹತ್ತಿದವರ ಬಳಿ ಮಗುವಿನ ಬಟ್ಟೆ ಎಲ್ಲಿರಬೇಕು?

ಮೊದಲ ಸಲ 12 ಟೋಪಿ ಒಯ್ದಿದ್ದೆ. ಶಿವರಾಂಪೇಟೆಯಲ್ಲಿ ಆರಿಸಿ ತಂದ ಮೆತ್ತನೆಯ ಉಲ್ಲನ್, ನೆತ್ತಿಗೊಂದು ಕುಚ್ಚು, ಪಕ್ಕಕ್ಕೆ ಹೂವಿನಂಥ ಗುಂಡಿ, ಗಲ್ಲದ ಕೆಳಗೆ ಕಟ್ಟಲು ಲಾಡಿ. ನಮ್ಮಜ್ಜಿ ಹೊಲಿಯುತ್ತಿದ್ದ ಜರಿಯಂಚಿನ ಕುಲಾವಿಗೂ ಲಾಡಿ ಇರುತ್ತಿತ್ತು. ಸಿಸ್ಟರ್ ಒಂದೊಂದನ್ನೇ ತಿರುಗಿಸಿ ನೋಡಿ ಅಷ್ಟನ್ನೂ ಚೀಲಕ್ಕೇ ಹಾಕಿದರು. “ಲಾಡಿ ಕೊರಳಿಗೆ ಸುತ್ತಿಕೊಂಡರೆ ಏನು ಮಾಡುವುದಮ್ಮಾ? ಗುಂಡಿ ಕಿತ್ತು ಬಂದರೆ? ಈ ನವಿರು ಮೂಗಿಗೆ ಹೋಗುತ್ತದೆ. ಹತ್ತಿ ದಾರದಲ್ಲಿ ಬೋಳು ಟೋಪಿ ಮಾಡಿಕೊಡಿ, ಸಾಕು.” ಬಸ್ಸು ಹತ್ತುವವರೆಗೂ ಸಿಟ್ಟಿತ್ತು. ಕುವೆಂಪುನಗರದಲ್ಲಿ ಇಳಿಯುವಷ್ಟರಲ್ಲಿ ಸಿಟ್ಟೆಲ್ಲ ನನ್ನ ಕುಚ್ಚುಗಳ ಮೇಲೆ ತಿರುಗಿತ್ತು.

ಆಮೇಲೆ ತಿಳಿದುಕೊಂಡೆ. ಎಳೆಗೂಸಿನ ಮೈಯ ಹೊರಮೈಯಲ್ಲಿ ಸುಮಾರು ಐದರಲ್ಲೊಂದು ಪಾಲು ತಲೆಯದೇ. ಬೇಗ ಹುಟ್ಟಿದ ಕೂಸಿಗೆ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಾದಾಗ ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಎದೆಗೇ ಕಟ್ಟಿಸಿದರು. ಈಗ ನಮ್ಮಲ್ಲೂ ಮಾಡಿಸುವ ಕಾಂಗರೂ ಆರೈಕೆ ಅದೇ. ಕೂಸಿನ ಮೈಮೇಲೆ ಇರುವುದು ಲಂಗೋಟಿ, ಕಾಲುಚೀಲ, ಟೋಪಿ, ಇಷ್ಟೇ. ಉಳಿದ ಬಿಸಿಯೆಲ್ಲ ಅಮ್ಮನದು.

ಅಳತೆಗೆ ತಲೆ ಎಲ್ಲಿಂದ ತರುವುದು? ಒಂದೂವರೆ ಕಿಲೋ ತೂಗುವ ಕೂಸಿನ ತಲೆಯ ಸುತ್ತಳತೆ ಸುಮಾರು 28 ಸೆಂಟಿಮೀಟರ್. ಅಡುಗೆಮನೆಯಲ್ಲಿ ಟೇಪು ಹಿಡಿದು ಹುಡುಕಿದಾಗ ಸಿಕ್ಕಿದ್ದು ಸುಲಿದ ತೆಂಗಿನಕಾಯಿ, ಸ್ವಲ್ಪ ಸಣ್ಣದು. ಇನ್ನೂ ಬೇಗ ಹುಟ್ಟಿದವಕ್ಕೆ ದೊಡ್ಡ ಮೂಸಂಬಿ. ಟೋಪಿ ಹಿಗ್ಗಿ ಅಪ್ಪಿಕೊಳ್ಳಬೇಕಾದ್ದರಿಂದ 28ಕ್ಕೆ 26 ಎಂದು ಹಿಡಿಯುತ್ತೇನೆ. ಅದನ್ನು 3.14ರಿಂದ ಭಾಗಿಸಿದರೆ ನೆತ್ತಿಯ ಬಿಲ್ಲೆಯ ವ್ಯಾಸ ಸಿಗುತ್ತದೆ, ಎಂಟು ಸೆಂಟಿಮೀಟರಿಗೆ ಚೂರು ಹೆಚ್ಚು. ಆರು ಕಣ್ಣಿನಿಂದ, ಅಂದರೆ ದಾರದ ಆರು ಕುಣಿಕೆಯಿಂದ, ಶುರು ಮಾಡಿ ಸುತ್ತಿಗೆ ಆರಾರು ಕೂಡಿಸುತ್ತ ಬಿಲ್ಲೆ ಅಷ್ಟಗಲವಾದೊಡನೆ ಕೂಡಿಸುವುದನ್ನು ನಿಲ್ಲಿಸುತ್ತೇನೆ, ಅಂಚು ತಾನೇ ಕೆಳಗೆ ಬಾಗುತ್ತದೆ. ಪೈಯಿಂದ ಏನು ಉಪಯೋಗ ಮಿಸ್ ಎಂದು ಕೇಳುತ್ತಿದ್ದ ಹಿಂದಿನ ಬೆಂಚಿನವರು ಈಗ ಸಿಕ್ಕಬೇಕು ನನಗೆ.

ಕಾಯಿಗೆ ಟೋಪಿ ತೊಡಿಸಿ ಕಿಟಕಿಯ ಬಳಿ ಇಟ್ಟಿರುತ್ತೇನೆ. “ಏನೇ, ಟೋಪಿ ಹಾಕಿಕೊಂಡು ಕೂತವನನ್ನು ಚಟ್ನಿಗೆ ಒಡೆಯುವುದು ಹೇಗೆ?” ಎಂದು ಇವರದು ದಿನವೂ ತಕರಾರು.

ಹತ್ತಿಯ ಟೋಪಿಯನ್ನು ಸಿಸ್ಟರ್ ಒಪ್ಪಿದರೂ ವಾರ್ಡಿನ ಅಜ್ಜಿಯರು ಒಪ್ಪಬೇಕಲ್ಲ. ಹುಟ್ಟಿದ ಕೂಸಿಗೆ ಮೊದಲು ಹಳೆಯ ಬಟ್ಟೆಯನ್ನೇ ಹಾಕಬೇಕು ಎನ್ನುವವರು ಇನ್ನೂ ಇದ್ದಾರೆ. ಹುಟ್ಟುವ ಮೊದಲು ಏನೂ ಕೊಳ್ಳಬಾರದು ಎಂಬುದು ಇನ್ನೊಂದು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ನಮ್ಮಜ್ಜಿಯೂ ಆತುರಗಾರರನ್ನು ಬೈಯುತ್ತಿದ್ದರು. ನನ್ನದಾದರೋ ಪೂರ್ತಿ ಅದೇ ಕಸುಬು! ವಾದ ಮಾಡುವುದಿಲ್ಲ. ಎರಡು ಸಲ ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಹಾಕಿ, ಬಣ್ಣ ಕೊಂಚ ಮಾಸಿದ ಮೇಲೆಯೇ ಒಯ್ಯುತ್ತೇನೆ. “ಒಗೆದದ್ದೇ ಅಜ್ಜಿ, ಹೊಸದಲ್ಲ” ಎಂದು ಸಿಸ್ಟರ್ ಹೇಳಿದರೆ ಅದು ಸುಳ್ಳಾಗಬಾರದು.

ಮೊನ್ನೆ ಮಾಗಿಯ ಚಳಿಯಲ್ಲಿ ಬೆಳಿಗ್ಗೆ ಏಳಕ್ಕೇ ಅವರ ಫೋನು. “ಅವಳಿ ಬಂದಿವೆಯಮ್ಮಾ. ಒಂದಕ್ಕೆ ಇರುವುದು ಸರಿಹೋಯಿತು. ಇನ್ನೊಂದಕ್ಕೆ ಅದಕ್ಕಿಂತ ಚಿಕ್ಕದು ಬೇಕು.” ಒಗೆದಿಟ್ಟ ಪುಟ್ಟ ಟೋಪಿ ಒಂದೂ ಉಳಿದಿರಲಿಲ್ಲ. ದಾರದ ಉಂಡೆ ಹುಡುಕುತ್ತ, ನೀರು ಕಾಯಲು ಇಡಿ, ಆ ಮೂಸಂಬಿಯನ್ನು ಮಾತ್ರ ಹಿಂಡಬೇಡಿ ಎಂದು ಅಡುಗೆಮನೆಯ ಕಡೆಗೆ ಕೂಗಿದೆ.