ಬೊಕೊರ್ ಬೆಟ್ಟದ ಹಳೆಯ ಕ್ಯಾಸಿನೊ ನೋಡಲು ಹೊರಟವರಿಗೆ

ಹಳೆಯ ಫೋಟೊಗಳನ್ನು ನಂಬಿ ಕಾಂಬೋಡಿಯದ ಬೊಕೊರ್ ಬೆಟ್ಟ ಹತ್ತಬೇಡಿ. ಕಿಟಕಿ ಬಾಗಿಲುಗಳಿಲ್ಲದೆ ಬಾಯಿ ಬಿಟ್ಟುಕೊಂಡು ನಿಂತಿದ್ದ ಆ ಭೂತಬಂಗಲೆ ಈಗಿಲ್ಲ. ಆ ಕಟ್ಟಡ, ಬೊಕೊರ್ ಪ್ಯಾಲೆಸ್, 2018ರಲ್ಲಿ ಸುಣ್ಣಬಣ್ಣ ಕಂಡು ಮತ್ತೆ ದುಬಾರಿ ಹೋಟೆಲ್ ಆಗಿದೆ. ಹಾಗೆಂದು ಬಿಟ್ಟುಬಿಡುವ ಜಾಗವೂ ಅಲ್ಲ.

ಕಂಪೋಟ್ ಪಟ್ಟಣದಲ್ಲಿ ಉಳಿದುಕೊಂಡು ಬೆಳಿಗ್ಗೆ ಬೇಗ ಹೊರಡಿ. ಬಾಡಿಗೆಗೆ ಸ್ಕೂಟರ್ ಸಿಗುತ್ತದೆ. ಸುಮಾರು 32 ಕಿ.ಮೀ. ಉದ್ದದ ಘಾಟಿ ರಸ್ತೆ ಹೊಸದು, ಅಗಲವಾಗಿದೆ. ಕೆಳಗೆ ಬೆವರು ಸುರಿಯುತ್ತಿದ್ದರೂ ಸಾವಿರ ಮೀಟರ್ ಎತ್ತರದಲ್ಲಿ ಮುಳ್ಳಯ್ಯನಗಿರಿಯ ಮಂಜೇ, ಜರ್ಕಿನ್ ಮರೆಯಬೇಡಿ.

ಆಗ ಕಾಂಬೋಡಿಯವನ್ನು ಆಳುತ್ತಿದ್ದ, ಸೆಕೆ ತಾಳಲಾರದ ಫ್ರೆಂಚರು ಕೈದಿಗಳಿಂದ ಮೊದಲ ರಸ್ತೆ ಕಡಿಸಿದರು. ಆ ಕೆಲಸದಲ್ಲಿ ನೂರಾರು ಮಂದಿ ಸತ್ತರು. ಹೋಟೆಲ್ ಬಾಗಿಲು ತೆರೆದದ್ದು 1925ರಲ್ಲಿ. 1940ರ ದಶಕದ ಕೊನೆಯಲ್ಲಿ ತಮ್ಮ ಆಳ್ವಿಕೆಯ ವಿರುದ್ಧ ಬಂಡಾಯ ಎದ್ದಾಗ ಅವರು ಜಾಗ ಖಾಲಿ ಮಾಡಿದರು. ರಾಜಮನೆತನದ ಸಿಹಾನೂಕ್ ದೇಶದ ಮುಖ್ಯಸ್ಥರಾಗಿದ್ದ ಕಾಲದಲ್ಲಿ, 1962ರಲ್ಲಿ, ಈ ಬೆಟ್ಟದಲ್ಲಿ ಕ್ಯಾಸಿನೊ ನಡೆಯತೊಡಗಿತು. ದುಡ್ಡು ಕಳೆದುಕೊಂಡವರು ಹೋಟೆಲಿನ ಹಿಂಬದಿಯ ಪ್ರಪಾತಕ್ಕೆ ಹಾರುತ್ತಿದ್ದರೆಂಬ ಕಥೆಯನ್ನು ಗೈಡುಗಳು ಹೇಳುತ್ತಾರೆ, ಕೇಳಿ, ನಂಬಲೇಬೇಕೆಂದಿಲ್ಲ. ಹತ್ತೇ ವರ್ಷ, 1972ರಲ್ಲಿ ಕಮ್ಯುನಿಸ್ಟ್ ಪಡೆಯಾದ ಖ್ಮೇರ್ ರೂಜ್ ಬೆಟ್ಟ ಹಿಡಿದಾಗ ಜೂಜಿನ ಮೇಜುಗಳು ಅನಾಥವಾದವು.

ಮುಂದಿನದನ್ನು ತಿಳಿಯಲು ಹಳೆಯ ಕ್ಯಾಥೊಲಿಕ್ ಚರ್ಚಿಗೆ ನಡೆಯಿರಿ. 1979ರಲ್ಲಿ ವಿಯೆಟ್ನಾಂ ಸೇನೆ ಬಂದಾಗ ಖ್ಮೇರ್ ರೂಜ್ ಪಡೆ ಈ ಚರ್ಚಿನೊಳಗೆ ಅಡಗಿತ್ತು, ಎದುರಾಳಿಗಳು ಹೋಟೆಲಿನಿಂದ ಗುಂಡು ಹಾರಿಸುತ್ತಿದ್ದರು. ನಡುವಿನ ಅಂತರ ಅರ್ಧ ಕಿ.ಮೀ. ಇರಬಹುದು. ನಾನು ಹೋದಾಗ ಚರ್ಚಿನ ಗೋಡೆಗೆ ಕಿತ್ತಳೆ ಬಣ್ಣದ ಕಲ್ಲುಹೂವು ದಪ್ಪಗೆ ಹತ್ತಿಕೊಂಡಿತ್ತು; ಬೆರಳಾಡಿಸಿದರೆ ಒರಟು, ತೇವ. ಹೋಟೆಲಿನ ಗೋಡೆಯಲ್ಲಿ ಬಳಿದುಹೋದದ್ದು ಇದೇ. ಅಲ್ಲಿ ಕಾಫಿ ಕುಡಿಯುವ ದುಡ್ಡನ್ನು ಉಳಿಸಿ, ಆ ಹೊತ್ತನ್ನು ಇಲ್ಲಿ ಕಳೆಯಿರಿ. ಇಳಿಯುವಾಗ ಸಿಹಾನೂಕರ ಪಾಳುಬಿದ್ದ ಕಪ್ಪು ಬಂಗಲೆ ಸಿಗುತ್ತದೆ. 2012ರಲ್ಲಿ ತೆರೆದ ಹೊಸ ಕ್ಯಾಸಿನೊ ರೆಸಾರ್ಟೂ ಇದೇ ಬೆಟ್ಟದಲ್ಲಿದೆ. ನನಗೆ ಅದೊಂದು ಭಾರಿ ಕಾಂಕ್ರೀಟ್ ಪೆಟ್ಟಿಗೆಯಾಗಿ ಕಂಡಿತು.

ಬೆಟ್ಟದ ಮೇಲಿನ ಪೊಪೊಕ್ವಿಲ್ ಜಲಪಾತಕ್ಕೆ ನೀರು ಬೇಕೆಂದರೆ ಮಳೆಗಾಲದಲ್ಲೇ ಹೋಗಬೇಕು, ಆಗ ಸಮುದ್ರದ ನೋಟ ಮೋಡದ ಪಾಲು. ನೋಟ ಮುಖ್ಯವಾದರೆ ಡಿಸೆಂಬರ್, ಜನವರಿ. ಭಾರತೀಯರಿಗೆ ಇ-ವೀಸಾ ಸಿಗುತ್ತದೆ. ಡಾಲರ್ ಎಲ್ಲೆಡೆ ನಡೆಯುತ್ತದೆ, ಆದರೆ ಅಂಚು ಕೂದಲೆಳೆಯಷ್ಟು ಹರಿದಿದ್ದರೂ ನೋಟು ವಾಪಸ್. ಸಸ್ಯಾಹಾರಿಗಳು ‘ಮೀನಿನ ಸಾಸ್ ಬೇಡ’ ಎಂದು ಮೊದಲೇ ಹೇಳಬೇಕು. ಕೊಡಗು, ಮಲೆನಾಡಿನವರಾದರೆ ಕಂಪೋಟ್ ಸುತ್ತಲಿನ ಕಾಳುಮೆಣಸಿನ ತೋಟಗಳಿಗೆ ಅರ್ಧ ದಿನ ಇಡಿ: ಇಲ್ಲಿ ಬಳ್ಳಿ ಹಬ್ಬುವುದು ಮರಕ್ಕಲ್ಲ, ನೆಟ್ಟ ಕಂಬಕ್ಕೆ.